ತೊಂಬತ್ತು ಮಿಲಿಮೀಟರ್

ಮಾರುತಿ 800 ಕಾರಿನ ಮುಂದಿನ ಎರಡು ಚಕ್ರಗಳ ನಡುವಿನ ಅಗಲ 1,215 ಮಿಲಿಮೀಟರ್. ಹಿಂದಿನದು ಅದಕ್ಕಿಂತ 15 ಕಡಿಮೆ. ಲೇತಿನ ಮುಂದೆ ನಿಂತು ನಾನು ಬಾಯಿಪಾಠ ಮಾಡಿದ ಮೊದಲ ಲೆಕ್ಕವಿದು. ಈ ಅಗಲ ಸಾಲದು ಎಂದು ಬಂದವರಿಂದಲೇ ನನ್ನ ಅಂಗಡಿಯ ಬಾಡಿಗೆ ಎಷ್ಟೋ ಸಲ ಹುಟ್ಟಿದೆ. ಹಬ್ಬಿಗೂ ಡಿಸ್ಕಿಗೂ ನಡುವೆ ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಕೂರಿಸಿ ಚಕ್ರವನ್ನು ಹೊರಕ್ಕೆ ತಳ್ಳುವುದು, ಸ್ಪೇಸರ್ ಹಾಕುವುದು ಎಂದರೆ ಇಷ್ಟೇ. (ಟೈರು ಕೂರುವ ಉಕ್ಕಿನ ಚಕ್ರಕ್ಕೆ ನಮ್ಮ ಕಡೆ ಡಿಸ್ಕ್ ಅನ್ನುತ್ತಾರೆ. ಬ್ರೇಕಿನ ಡಿಸ್ಕ್ ಬೇರೆ.) ಈಗಿನ ಹುಡುಗರು ಇದನ್ನು ಮೊಬೈಲಿನಲ್ಲಿ ನೋಡಿ ಕಲಿತ ಹೊಸ ಶೋಕಿ ಅಂದುಕೊಂಡಿದ್ದಾರೆ. ಇದರ ಬೇರು ಹುಡುಕಿದರೆ ಜಪಾನಿನ ಒಂದು ಕಾನೂನಿಗೆ ಹೋಗಿ ತಗಲುತ್ತದೆ.

ಮೊದಲು ನಾನು ಮದರಾಸಿನ ಪೋರೂರಿನಲ್ಲಿ ಯಾಕಿದ್ದೇನೆ ಅನ್ನುವುದನ್ನು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದವರೆಗೂ ಕನ್ನಡ ಸಿನಿಮಾ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ, ವಡಪಳನಿಯ ಎವಿಎಂ, ವಿಜಯಾ-ವಾಹಿನಿಯಂಥ ಸ್ಟುಡಿಯೋಗಳಲ್ಲಿ. ಅಪ್ಪ ಅಲ್ಲಿ ಕಂಪನಿ ವ್ಯಾನ್ ಓಡಿಸುತ್ತಿದ್ದರು. ಕನ್ನಡದ ಕಂಪನಿಗಳು ಒಂದೊಂದಾಗಿ ಬೆಂಗಳೂರಿಗೆ ಗಂಟು ಕಟ್ಟಿದಾಗ ಅಪ್ಪ ಹೊರಡಲಿಲ್ಲ. ಸ್ಟುಡಿಯೋಗಳಿದ್ದ ಅದೇ ಆರ್ಕಾಟ್ ರಸ್ತೆಯಲ್ಲಿ ಪಶ್ಚಿಮಕ್ಕೆ ಸರಿದು, ಬಾಡಿಗೆ ಅಗ್ಗವಿದ್ದ ಪೋರೂರಿನಲ್ಲಿ ಮನೆ ಮಾಡಿದರು. ಆಗ ಇದು ಕೆರೆ, ಗದ್ದೆಯ ಊರು. ನಾನು ಅಂಬತ್ತೂರು ಕೈಗಾರಿಕಾ ಎಸ್ಟೇಟಿನಲ್ಲಿ ಟರ್ನರ್ ಕೆಲಸ ಕಲಿತು, ಕುಂದ್ರತ್ತೂರು ರಸ್ತೆಯ ಕಡೆ ಒಂದು ಲೇತ್ ಹಾಕಿದೆ.

ಜಾಗ ತಾನಾಗಿ ಒದಗಿ ಬಂತು. ಆರ್ಕಾಟ್ ರಸ್ತೆ ಬಂದು ಮೌಂಟ್-ಪೂನಮಲ್ಲಿ ರಸ್ತೆಗೆ ಕೂಡುವುದು ಪೋರೂರಿನಲ್ಲಿ. ಅಲ್ಲಿಂದ ಪೂನಮಲ್ಲಿ, ಮುಂದೆ ಬೆಂಗಳೂರು ಹೆದ್ದಾರಿ, ಆ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರಿಗೆ ಮೊದಲು ಇರುಂಗಾಟ್ಟುಕೋಟ್ಟೈ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರ 3.7 ಕಿಲೋಮೀಟರಿನ ರೇಸ್ ಟ್ರ್ಯಾಕ್ ಇರುವುದು ಅಲ್ಲಿ. ನಗರದ ದಕ್ಷಿಣ ಭಾಗದಿಂದ ಟ್ರ್ಯಾಕಿಗೆ ಹೊರಟ ಕಾರಿಗೆ ಪೋರೂರು ಸಹಜವಾದ ದಾರಿ. ಕೊನೇ ಗಳಿಗೆಯಲ್ಲಿ ಒಂದು ಬುಷ್, ಒಂದು ಸ್ಟಡ್ ಬೇಕಾದವರು ನಮ್ಮಂಥವರ ಮುಂದೆ ನಿಲ್ಲುತ್ತಿದ್ದರು.

ಆ ಟ್ರ್ಯಾಕ್ ಬಂದದ್ದು 1990ರ ಹೊತ್ತಿಗೆ. ಅದಕ್ಕೆ ಮುಂಚೆ ರೇಸ್ ಅಂದರೆ ಶೋಲಾವರಂ. ಎರಡನೇ ಮಹಾಯುದ್ಧದ ವಿಮಾನಗಳಿಗಾಗಿ ಮದರಾಸಿನ ಉತ್ತರಕ್ಕೆ ಹಾಕಿದ ಓಡುದಾರಿ ಯುದ್ಧ ಮುಗಿದ ಮೇಲೆ ಬಿಕೋ ಅನ್ನುತ್ತಿತ್ತು. 1953ರಲ್ಲಿ ಹುಟ್ಟಿದ ಕ್ಲಬ್ಬು ಅದನ್ನು ಕಾರು ಬೈಕುಗಳಿಗೆ ದಕ್ಕಿಸಿಕೊಂಡಿತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಆ ಕಾಲದವರು. ಅವರ ಕಥೆಗಳಲ್ಲಿ ಫಿಯೆಟ್ ಇರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೆರಾಲ್ಡ್ ಇರುತ್ತಿತ್ತು. ಸ್ಟ್ಯಾಂಡರ್ಡ್ ಹೆರಾಲ್ಡ್ ಮದರಾಸಿನಲ್ಲೇ ತಯಾರಾದ ಕಾರು, ಇಲ್ಲಿನವರಿಗೆ ಅದರ ಮೇಲೆ ಮನೆಮಗಳ ಮಮತೆ. ಆದರೆ ಅದರ ಹಿಂದಿನ ಅಚ್ಚು ಎರಡು ತುಂಡಿನದು, ನಡುವೆ ಕೀಲು. ತಿರುವಿನಲ್ಲಿ ಜೋರು ಮಾಡಿದರೆ ಹೊರಬದಿಯ ಹಿಂಚಕ್ರ ಮೈಯಡಿಗೆ ಮಡಿಚಿಕೊಳ್ಳಲು ನೋಡುತ್ತಿತ್ತು. ಕಂಪನಿಗೂ ಇದು ಗೊತ್ತಾಗಿ, 1972ರಲ್ಲಿ ಗೆಝೆಲ್ ಎಂಬ ಕಾರು ತಂದಾಗ ಒಂದೇ ತುಂಡಿನ ಗಟ್ಟಿ ಅಚ್ಚು ಕೊಟ್ಟಿತು.

ಆಗ ಅಂಗಡಿಯಲ್ಲಿ ಸ್ಪೇಸರ್ ಅಂತ ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಮೇಸ್ತ್ರಿ ಹೇಳುತ್ತಿದ್ದರು. ಅಗಲ ಬೇಕಾದವರು ಎರಡು ಡಿಸ್ಕ್ ತಂದು, ಎರಡನ್ನೂ ಸುತ್ತಲೂ ಕೊಯ್ದು, ಒಂದಕ್ಕೊಂದು ಬೆಸುಗೆ ಹಾಕಿಸಿ ಅಗಲದ ಒಂದು ಚಕ್ರ ಮಾಡಿಸುತ್ತಿದ್ದರು. ಬೆಸುಗೆ ನೆಟ್ಟಗೆ ಬರದಿದ್ದರೆ ಚಕ್ರ ಕುಣಿಯುತ್ತಿತ್ತು. ಅದನ್ನು ಲೇತಿಗೆ ಕಟ್ಟಿ, ಎಲ್ಲಿ ಓಲುತ್ತದೆಂದು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ತಟ್ಟಿ ಸರಿಮಾಡುವುದು ಒಂದು ವಿದ್ಯೆ. ಅದು ಅವರ ಜೊತೆಗೇ ಹೋಯಿತು.

ಇನ್ನು ಜಪಾನಿನ ವಿಷಯ. ಅಲ್ಲಿ ಪುಟ್ಟ ಕಾರುಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟು, ಆದರೆ ಅಳತೆ ಮೀರಬಾರದು. 1976ರಿಂದ ಆ ಅಳತೆ ಹೀಗಿತ್ತು: ಉದ್ದ 3.2 ಮೀಟರ್, ಅಗಲ 1.4 ಮೀಟರ್, ಎಂಜಿನ್ 550 ಸಿಸಿ. ಸುಜುಕಿ ಕಂಪನಿ ಆ ಚೌಕಟ್ಟಿನೊಳಗೆ ಹುಟ್ಟಿಸಿದ ಸಂಸಾರದ ಒಂದು ಕುಡಿಯೇ 1983ರ ಡಿಸೆಂಬರಿನಲ್ಲಿ ಮಾರುತಿ ಆಗಿ ನಮ್ಮಲ್ಲಿಗೆ ಬಂತು. ಎಂಜಿನ್ನು 796 ಸಿಸಿಗೆ ಬೆಳೆದಿತ್ತು, ಮೈ ಮಾತ್ರ ಹೆಚ್ಚುಕಡಿಮೆ ಅದೇ. ಮರುವರ್ಷ ಬಂದ ಮಾರುತಿ ವ್ಯಾನೂ ಅದೇ ಕುಲ. ತೆರಿಗೆ ಉಳಿಸಲು ಜಪಾನಿನಲ್ಲಿ ಕತ್ತರಿಸಿದ ಅಂಗಿಯನ್ನು ನಾವು ಮೂರು ದಶಕ ತೊಟ್ಟೆವು. ಅದು ಬಿಗಿಯಾಯಿತು ಎಂದು ಮೊದಲು ಗೊಣಗಿದವರು ರೇಸಿನವರು.

ಅವರದು ಶೋಕಿಯಲ್ಲ, ಲೆಕ್ಕ. ತಿರುವಿನಲ್ಲಿ ಕಾರಿನ ಭಾರ ಒಳಚಕ್ರದಿಂದ ಹೊರಚಕ್ರಕ್ಕೆ ಜಾರುತ್ತದೆ. ಎಷ್ಟು ಜಾರುತ್ತದೆ ಅನ್ನುವುದು ಕಾರಿನ ಎತ್ತರ ಮತ್ತು ಚಕ್ರಗಳ ನಡುವಿನ ಅಗಲದ ಮೇಲೆ ನಿಂತಿದೆ. ಮಾರುತಿಗೆ ಎರಡೂ ಬದಿ 20 ಮಿ.ಮೀ. ಬಿಲ್ಲೆ ಹಾಕಿದರೆ 1,215 ಇದ್ದದ್ದು 1,255 ಆಗುತ್ತದೆ, ಅಂದರೆ ನೂರಕ್ಕೆ ಮೂರು ಚಿಲ್ಲರೆ ಹೆಚ್ಚು. ಜಾರುವ ಭಾರವೂ ಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಮನೆಯಿಂದ ಆಫೀಸಿಗೆ ಹೋಗುವವನಿಗೆ ಈ ಮೂರು ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ತಿರುವನ್ನು ಮತ್ತೆ ಮತ್ತೆ ಸುತ್ತುವವನಿಗೆ ಬರುತ್ತದೆ.

ಈ ಇತಿಹಾಸದಲ್ಲಿ ನನಗೆ ಬಹಳ ರುಚಿಸುವ ಅಧ್ಯಾಯ ಜಿಪ್ಸಿಯದು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಎತ್ತರದ ಗಾಡಿ, ನಿಲುವು ಮಾತ್ರ ಬಡಕಲು, ಮುಂದಿನ ಅಗಲ 1,210 ಮಿ.ಮೀ. ಅಂದರೆ ಮಾರುತಿ 800ಕ್ಕಿಂತಲೂ ಐದು ಕಡಿಮೆ! ಅಮೆರಿಕದಲ್ಲಿ ಇದರ ಅಣ್ಣನಂಥ ಗಾಡಿಯನ್ನು ಸಮುರಾಯ್ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. 1988ರಲ್ಲಿ ಅಲ್ಲಿನ ಗ್ರಾಹಕರ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್, ಸಮುರಾಯ್ ಪಲ್ಟಿ ಹೊಡೆಯುತ್ತದೆ, ಇದನ್ನು ಕೊಳ್ಳಬೇಡಿ ಎಂದು ಬರೆಯಿತು. ಸುಜುಕಿ ಕೋರ್ಟಿಗೆ ಹೋಯಿತು, ರಾಜಿ ಆದದ್ದು 2004ರಲ್ಲಿ. ಪರೀಕ್ಷೆ ನ್ಯಾಯವಾಗಿತ್ತೇ ಅನ್ನುವ ಜಗಳ ಹಾಗಿರಲಿ. ನನ್ನ ಕಣ್ಣು ಹೋಗುವುದು ಇನ್ನೊಂದು ಕಡೆಗೆ. ಪಲ್ಟಿ ಹೊಡೆಯುತ್ತದೆ ಅನ್ನಿಸಿಕೊಂಡ ಆ ಸಮುರಾಯ್‌ನ ಅಗಲ 1,300 ಮಿ.ಮೀ. ಅದೇ ಹೊತ್ತಿನಲ್ಲಿ ಘಾಟಿ ಹತ್ತುತ್ತಿದ್ದ ನಮ್ಮ ಜಿಪ್ಸಿ ಅದಕ್ಕಿಂತ 90 ಮಿ.ಮೀ. ಸಣ್ಣ!

1993ರ ಜುಲೈಯಲ್ಲಿ ಮಾರುತಿ ಕಂಪನಿ ಆ 90 ಮಿ.ಮೀ. ಕೊಟ್ಟಿತು. ವೈಡ್ ಟ್ರ್ಯಾಕ್ ಜಿಪ್ಸಿ ಎಂದೇ ಹೆಸರು. ಮುಂದೆ 1,300, ಹಿಂದೆ 1,310. ಮೈಯ ಅಗಲ ಹಾಗೇ ಇತ್ತು, ಹೊರಬಂದ ಚಕ್ರ ಮುಚ್ಚಲು ಮಡ್‌ಗಾರ್ಡ್ ಮೇಲೆ ಹುಬ್ಬುಗಳು ಬಂದವು. ಹಳೆಯ ಜಿಪ್ಸಿ ಇದ್ದವರಿಗೆ ಸಹಜವಾಗಿ ಹೊಟ್ಟೆಕಿಚ್ಚು. ಅವರು ನನ್ನಂಥವರ ಬಳಿ ಬಂದು ಕೇಳಿದ್ದು, ಬದಿಗೊಂದು 45 ಮಿ.ಮೀ. ಬಿಲ್ಲೆ ಹಾಕಿದರೆ ನಮ್ಮದೂ ವೈಡ್ ಟ್ರ್ಯಾಕ್ ಆಗುವುದಿಲ್ಲವೇ ಎಂದು. ಟೇಪು ಹಿಡಿದು ಅಳೆದರೆ ಆಗುತ್ತದೆ. ಆದರೆ ಕಂಪನಿ ಮಾಡಿದ್ದು ಬಿಲ್ಲೆ ಹಾಕುವ ಕೆಲಸವಲ್ಲ. ಅದು ಅಚ್ಚನ್ನೇ ಉದ್ದ ಮಾಡಿತ್ತು, ಬೇರಿಂಗ್ ಕೂಡ ಚಕ್ರದ ಜೊತೆಗೇ ಹೊರಕ್ಕೆ ಹೋಗಿತ್ತು. ಬಿಲ್ಲೆ ಹಾಕಿದರೆ ಚಕ್ರ ಹೊರಗೆ, ಬೇರಿಂಗ್ ಒಳಗೆ. ಮೊದಲು ನೆಟ್ಟಗೆ ಬೀಳುತ್ತಿದ್ದ ಭಾರ ಈಗ ಬೇರಿಂಗನ್ನು ಮೀಟುತ್ತದೆ. ಸ್ಟಿಯರಿಂಗ್ ಕೂಡ ಸುಮ್ಮನಿರುವುದಿಲ್ಲ, ಹೊಂಡಕ್ಕೆ ಒಂದು ಚಕ್ರ ಇಳಿದರೆ ಕೈ ಎಳೆಯುತ್ತದೆ.

ಅಗಲ ಹೆಚ್ಚಿಸುವುದನ್ನು ಕಂಪನಿಯೇ ಮಾಲೀಕನ ಕೈಗೆ ಬಿಟ್ಟಿರುವ ಗಾಡಿ ಒಂದಿದೆ, ಟ್ರ್ಯಾಕ್ಟರ್. 1960ರಿಂದ ಮದರಾಸಿನಲ್ಲಿರುವ ಟಾಫೆ ಕಂಪನಿಯ ಮ್ಯಾಸಿ ಫರ್ಗುಸನ್ ತೆಗೆದುಕೊಳ್ಳಿ. ಹಿಂದಿನ ಡಿಸ್ಕನ್ನು ತಿರುಗಿಸಿ ಹಾಕಿದರೆ ಸಾಲಿನ ಅಂತರಕ್ಕೆ ತಕ್ಕ ಅಗಲ ಸಿಗುತ್ತದೆ. ರೈತ ಇದನ್ನು ಯಾರಿಗೂ ತೋರಿಸಲು ಮಾಡುವುದಿಲ್ಲ.

ತೋರಿಸಲು ಮಾಡಿದ ಮೊದಲಿಗರಲ್ಲಿ ಕಾರ್ ಕಂಪನಿಯೂ ಇದೆ. 1959ರಲ್ಲಿ ಅಮೆರಿಕದ ಪಾಂಟಿಯಾಕ್ ತನ್ನ ಕಾರಿನ ಚಕ್ರಗಳನ್ನು ಇಂಚುಗಟ್ಟಲೆ ಹೊರಕ್ಕೆ ತಳ್ಳಿ, ವೈಡ್ ಟ್ರ್ಯಾಕ್ ಅನ್ನುವುದನ್ನೇ ಜಾಹೀರಾತು ಮಾಡಿ ವರ್ಷಗಟ್ಟಲೆ ಮಾರಿತು. ನಮ್ಮ ಕಡೆ ಆ ಗಾಳಿ ಬೀಸಿದ್ದು ಇರುಂಗಾಟ್ಟುಕೋಟ್ಟೈಯಲ್ಲಿ ಹ್ಯುಂಡೈ ಕಾರ್ಖಾನೆ ತೆರೆದು 1998ರಲ್ಲಿ ಸ್ಯಾಂಟ್ರೋ ಬಂದ ಮೇಲೆ. ಪೋರೂರಿನಿಂದ ಶ್ರೀಪೆರುಂಬುದೂರಿನವರೆಗೆ ಬಿಡಿಭಾಗದ ಘಟಕಗಳು, ಸಿಎನ್‌ಸಿ ಮೆಷಿನ್ನುಗಳು. ಇತ್ತ ಪೋರೂರು, ಮಣಪ್ಪಾಕ್ಕಂ ಕಡೆ ಐಟಿ ಕಟ್ಟಡಗಳು ಎದ್ದವು. ಸಂಬಳ ಬಂತು, ಅಲಾಯ್ ವ್ಹೀಲ್ ಬಂತು. ಅಲಾಯ್ ಹಾಕಿದ ಮೇಲೆ ಚಕ್ರ ಮಡ್‌ಗಾರ್ಡಿನೊಳಗೆ ಹುದುಗಿಕೊಂಡಂತೆ ಕಂಡಿತು, ಅದಕ್ಕೆ ಸ್ಪೇಸರ್. ಕೆಲವು ಸಲ ಕಾರಣ ನಿಜವಾಗಿಯೂ ಇರುತ್ತದೆ. ಅಗಲದ ಅಲಾಯ್ ಒಳಬದಿಯಲ್ಲಿ ಶಾಕ್ ಅಬ್ಸಾರ್ಬರಿಗೆ ತಾಗುತ್ತಿದ್ದರೆ ಐದು ಮಿಲಿಮೀಟರಿನ ತೆಳು ಬಿಲ್ಲೆ ಬೇಕೇ ಬೇಕು. ಅಂಥದ್ದನ್ನು ನಾನು ಖುಷಿಯಿಂದ ಮಾಡಿಕೊಡುತ್ತೇನೆ.

ತೆಳು ಬಿಲ್ಲೆಯಲ್ಲೂ ಒಂದು ಗುಟ್ಟಿದೆ, ನಟ್ಟು. ಬಿಲ್ಲೆಯ ದಪ್ಪದಷ್ಟು ಸ್ಟಡ್ಡು ಒಳಗೆ ಮುಳುಗುತ್ತದೆ, ನಟ್ಟಿಗೆ ಕಚ್ಚಲು ಉಳಿಯುವುದು ಅಷ್ಟು ಕಡಿಮೆ. 12 ಮಿ.ಮೀ. ಸ್ಟಡ್ಡಾದರೆ ನಟ್ಟು ಅಷ್ಟಾದರೂ ಆಳಕ್ಕೆ ಕಚ್ಚಬೇಕು ಅನ್ನುವುದು ನಮ್ಮ ಲೆಕ್ಕ. ಮಾರುತಿಯ ಸ್ಟಡ್ಡಿನ ಪಿಚ್ 1.25, ಆದ್ದರಿಂದ ಒಂಬತ್ತೂವರೆ ಚಿಲ್ಲರೆ ಸುತ್ತು. ಹ್ಯುಂಡೈಯದು 1.5, ಎಂಟು ಸುತ್ತು. ಕೈಯಲ್ಲಿ ತಿರುಗಿಸಿ ಎಣಿಸಿ, ಸಾಲದಿದ್ದರೆ ಉದ್ದದ ಸ್ಟಡ್ಡು ಹೊಡೆಯಬೇಕು. 20 ಮಿ.ಮೀ. ದಾಟಿದರೆ ಬಿಲ್ಲೆಯನ್ನೇ ಹಬ್ಬಿಗೆ ಬಿಗಿದು, ಬಿಲ್ಲೆಗೆ ಬೇರೆ ಸ್ಟಡ್ಡು ಕೂರಿಸಿ, ಅದಕ್ಕೆ ಚಕ್ರ. ನಡುವಿನ ತೂತು ಹಬ್ಬಿಗೆ ಕರಾರುವಾಕ್ಕಾಗಿ ಕೂರಬೇಕು, ಹೊರಗಡೆ ಅದೇ ಅಳತೆಯ ಕಂಠ ಚಕ್ರಕ್ಕೆ ಸಿಗಬೇಕು. ಇಲ್ಲವಾದರೆ ಎಂಬತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಎರಕದ ಅಲ್ಯೂಮಿನಿಯಂ ಬೇಡ, ಗಟ್ಟಿ ದಿಂಡಿನಿಂದ ಕಡೆದದ್ದೇ ಆಗಬೇಕು.

ಕಾನೂನು ಈಗ ನೇರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಅನ್ನುತ್ತದೆ. ಕೇರಳದಿಂದ ಹೋದ ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿಮಾಡಿತು. ಆಮೇಲೆ ದಪ್ಪ ಬಿಲ್ಲೆಯನ್ನು ನಾನು ರೇಸಿನ ಗಾಡಿಗೆ ಮಾತ್ರ ಕಡೆಯುತ್ತೇನೆ.

ಮೊನ್ನೆ ಬೆಂಗಳೂರು ನಂಬರಿನ ಮಾರುತಿ ಜಿಮ್ನಿ ಬಂತು. ಐದು ಬಾಗಿಲಿನ ಈ ಗಾಡಿ ನಮ್ಮಲ್ಲಿ ಮಾರಾಟಕ್ಕೆ ಬಂದದ್ದು 2023ರ ಜೂನ್‌ನಲ್ಲಿ. ನನ್ನ ಕನ್ನಡ ಕೇಳಿ ಹುಡುಗನಿಗೆ ಜೀವ ಬಂತು.

“ಅಂಕಲ್, ಬದಿಗೆ 30 ಹಾಕ್ಕೊಡಿ. ನೋಡಕ್ಕೆ ಸಣ್ಣಗಿದೆ.”

“ಇದಕ್ಕೆ ಆಗಲೇ ಹಾಕಿಯೇ ಕಳಿಸಿದಾರಪ್ಪ,” ಅಂದೆ.

ಅವನಿಗೆ ಅರ್ಥವಾಗಲಿಲ್ಲ, ಬಗ್ಗಿ ಚಕ್ರದ ಹಿಂದೆ ನೋಡಿದ. ಜಪಾನಿನಲ್ಲಿ ತೆರಿಗೆ ರಿಯಾಯಿತಿಯ ಪುಟ್ಟ ಜಿಮ್ನಿ ಈಗಲೂ ಇದೆ, ಅದರ ಮುಂದಿನ ಅಗಲ 1,265 ಮಿ.ಮೀ. ಹೊರದೇಶಕ್ಕೆ ಮಾಡುವಾಗ ಸುಜುಕಿ ಅದೇ ಮೈಗೆ 130 ಮಿ.ಮೀ. ಹೆಚ್ಚು ಉದ್ದದ ಅಚ್ಚು ಕೊಟ್ಟು, ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಹುಬ್ಬು ಅಂಟಿಸಿತು. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಹುಡುಗ ಕೇಳಿಸಿಕೊಂಡ, ಕಾಗದ ಮಡಚಿ ಜೇಬಿಗಿಟ್ಟ, ಆಮೇಲೆ ಕೇಳಿದ: “ಹಂಗಾದ್ರೆ 20 ಆದ್ರೂ?”