ನೇಣಿನ ನೆಲದಲ್ಲಿ ಹರಕೆಯ ತೊಟ್ಟಿಲು

ಖಾನಾಪುರ ತಾಲ್ಲೂಕಿನ ನಂದಗಡದ ಹೊರವಲಯದಲ್ಲಿ ಒಂದು ದೊಡ್ಡ ಆಲದ ಮರವಿದೆ. ಮಕ್ಕಳಿಲ್ಲದವರು ಇಲ್ಲಿಗೆ ಬಂದು, ಹರಕೆ ಹೊತ್ತು, ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಹಾಗೆ ಕಟ್ಟಿದವರ ಮನೆಯಲ್ಲೂ ತೊಟ್ಟಿಲು ತೂಗುತ್ತದೆ ಎಂಬುದು ನಂಬಿಕೆ. ಮರಕ್ಕೆ ತೊಟ್ಟಿಲು ಕಟ್ಟುವುದು ನಮ್ಮ ನಾಡಿಗೆ ಹೊಸದಲ್ಲ. ಅದೆಷ್ಟೋ ದೇವಿಯರ ಗುಡಿಗಳ ಮುಂದೆ ಇದನ್ನು ಕಾಣಬಹುದು. ಆದರೆ ನಂದಗಡದಲ್ಲಿ ಹರಕೆ ಸಲ್ಲುವುದು ದೇವಿಗಲ್ಲ. ಬ್ರಿಟಿಷರು ನೇಣಿಗೇರಿಸಿದ ಸಂಗೊಳ್ಳಿ ರಾಯಣ್ಣನಿಗೆ.

ಗಲ್ಲಿಗೇರಿದವನ ಸಮಾಧಿಗೆ ಬಂದು ಜನ ಸಂತಾನ ಬೇಡುವುದೇಕೆ? ಕಿತ್ತೂರಿನ ಇತಿಹಾಸವನ್ನು ತುಸು ಹಿಂದಕ್ಕೆ ತಿರುವಿ ನೋಡಿದರೆ ಇದು ಅಷ್ಟೇನೂ ವಿಚಿತ್ರವೆನಿಸದು.

ಕಿತ್ತೂರಿನ ಯುದ್ಧ ಹೊತ್ತಿಕೊಂಡದ್ದೇ ಮಗುವಿನ ಪ್ರಶ್ನೆಯಿಂದ. ದೇಸಾಯಿ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಂಸ್ಥಾನದವರು ದತ್ತು ಸ್ವೀಕರಿಸಿದ್ದ ಬಾಲಕನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಬಂದ ಬ್ರಿಟಿಷರು ಕೋಟೆಯನ್ನು ಹಿಡಿದರು. ಸೆರೆಸಿಕ್ಕ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದಳು. ಅದೇ ದತ್ತುಮಗನನ್ನು ಗದ್ದುಗೆಯ ಮೇಲೆ ಕೂರಿಸುತ್ತೇನೆಂದು ರಾಯಣ್ಣ ಬಂಡೆದ್ದ. ಅವನು ಶೇತಸನದಿ, ಅಂದರೆ ಸೇವೆಗೆ ಪ್ರತಿಯಾಗಿ ಹೊಲ ಪಡೆದ ಸಿಪಾಯಿ. ಆ ಹೊಲಕ್ಕೂ ಹೊಸ ಸರಕಾರ ಕೈಹಾಕಿತ್ತು. ಸರಕಾರಿ ಕಚೇರಿಗಳನ್ನು ಸುಟ್ಟು, ಖಜಾನೆಗಳನ್ನು ದೋಚಿ, ಕಾಡಿನಲ್ಲಿ ತಲೆಮರೆಸಿಕೊಂಡು ಹೋರಾಡಿದ ಅವನನ್ನು 1830ರಲ್ಲಿ ಮೋಸದಿಂದ ಹಿಡಿಯಲಾಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಒಂದು ಮಗುವಿನ ಹಕ್ಕಿಗಾಗಿ ಪ್ರಾಣ ಬಿಟ್ಟವನ ಬಳಿ ಮಗುವನ್ನು ಬೇಡುವುದು! ಜನರು ಇದನ್ನು ಲೆಕ್ಕಹಾಕಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೂ ಎರಡರ ನಡುವೆ ನಂಟು ಕಾಣದಿರದು.

ಈಗ ಮರದ ವಿಷಯ. ಇಂದು ನಿಂತಿರುವ ಆಲದ ಕೊಂಬೆಗೇ ರಾಯಣ್ಣನನ್ನು ನೇತುಹಾಕಿದರೆಂದು ಹಲವರು ಹೇಳುತ್ತಾರೆ. ಊರಿನ ಐತಿಹ್ಯ ಬೇರೆಯೇ ಇದೆ. ಅದರ ಪ್ರಕಾರ ನೇಣು ಹಾಕಿದ್ದೂ ಆಲದ ಮರಕ್ಕೇ. ಆದರೆ ಈಗಿರುವುದು ಆ ಮರವಲ್ಲ. ರಾಯಣ್ಣನ ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ಸಾಧುವಿನ ವೇಷದಲ್ಲಿ ಬಂದು ಸಮಾಧಿಯ ಮೇಲೆ ನೆಟ್ಟ ಆಲದ ಸಸಿಯೇ ಇಂದಿನ ಹೆಮ್ಮರ. ಕೊಂದ ಮರ ಯಾವುದು, ಗೆಳೆಯ ನೆಟ್ಟ ಮರ ಯಾವುದು ಎಂಬ ಭೇದ ಜನರ ಬಾಯಲ್ಲಿ ಕ್ರಮೇಣ ಕರಗಿಹೋಗಿದೆ. ವರದಿಗಾರನಾಗಿ ನನಗೆ ಎರಡನೆಯ ಕತೆಯೇ ಹೆಚ್ಚು ಹಿಡಿಸುತ್ತದೆ. ಬಂಡಾಯಗಾರನ ಹೆಸರಿನಲ್ಲಿ ಕಲ್ಲು ನಿಲ್ಲಿಸಿದ್ದರೆ ಸರಕಾರ ಕಿತ್ತೆಸೆಯುತ್ತಿತ್ತು. ಸಾಧುವೊಬ್ಬ ನೆಟ್ಟ ಸಸಿಯನ್ನು ಯಾರು ಕೇಳುತ್ತಾರೆ?

ಗಿಡವೂ ಅಂಥಾದ್ದೇ. ಆಲದ ಬಿಳಲು ನೆಲ ಮುಟ್ಟಿದರೆ ಬೇರಾಗಿ, ಬೇರಿನ ಮೇಲೆ ಕಾಂಡವಾಗಿ ಬೆಳೆಯುತ್ತದೆ. ಮೂಲ ಬೊಡ್ಡೆ ಟೊಳ್ಳಾಗಿ ಸತ್ತರೂ ಮರ ಉಳಿದಿರುತ್ತದೆ. ಹೀಗಾಗಿ ಬೊಡ್ಡೆಯ ಸುತ್ತಳತೆ ನೋಡಿ ಆಲದ ವಯಸ್ಸು ಹೇಳುವುದು ಕಷ್ಟ. ಸಾವಿಲ್ಲದ ಮರವೆಂದು ನಂಬಿಯೇ ಗಡಿಭಾಗದ ಹೆಣ್ಣುಮಕ್ಕಳು ಜ್ಯೇಷ್ಠ ಹುಣ್ಣಿಮೆಯಂದು ವಟಸಾವಿತ್ರಿಯ ನೂಲನ್ನು ಇದಕ್ಕೆ ಸುತ್ತುತ್ತಾರೆ.

ತೊಟ್ಟಿಲು ಮಾಡುವ ಬಡಿಗನಿಗೆ ಮಾತ್ರ ಆಲ ಬೇಡ. ಅದರ ಕಟ್ಟಿಗೆ ಮೆತ್ತಗೆ, ಬಾಳಿಕೆ ಕಡಿಮೆ. ತೊಟ್ಟಿಲೆಂದರೆ ಈ ಸೀಮೆಯಲ್ಲಿ ಕಲಘಟಗಿಯದು. ಧಾರವಾಡದ ದಕ್ಷಿಣಕ್ಕಿರುವ ಈ ಊರಿನ ಚಿತ್ರಗಾರರು ಸಾಗವಾನಿಯಲ್ಲಿ ತೊಟ್ಟಿಲು ಕಟ್ಟಿ, ಅರಗಿನ ಬಣ್ಣದಲ್ಲಿ ಕೃಷ್ಣಲೀಲೆ, ರಾಮಾಯಣದ ಚಿತ್ರ ಬರೆಯುತ್ತಾರೆ. ಜನಪದರ ಜೋಗುಳಗಳಲ್ಲಿ ಊರಿನ ಹೆಸರು ತೊಟ್ಟಿಲಿಗೆ ಅಂಟಿಕೊಂಡೇ ಬರುತ್ತದೆ. ಒಂದು ತೊಟ್ಟಿಲಿನಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಮಲಗಿದ ಮನೆಗಳಿವೆ.

ಆ ಅರಗು ಬರುವುದೂ ಕಾಡಿನಿಂದಲೇ. ಮುತ್ತುಗದಂಥ ಮರಗಳ ಎಳೆಯ ಟೊಂಗೆಗಳ ಮೇಲೆ ಕೂತು ರಸ ಹೀರುವ ಸಣ್ಣ ಹುಳು ಸುರಿಸುವ ಅಂಟು ಅದು. ಟೊಂಗೆಯಿಂದ ಕೆರೆದು, ತೊಳೆದು, ಕಾಯಿಸಿ, ಬಣ್ಣ ಕಲಸಿ ಕಡ್ಡಿ ಮಾಡುತ್ತಾರೆ. ಚನ್ನಪಟ್ಟಣದ ಗೊಂಬೆಯವರು ತಿರುಗುವ ಕಟ್ಟಿಗೆಗೆ ಈ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಅಂಟುತ್ತದೆ. ಮೇಲೆ ಕೇದಗೆಯ ಎಲೆಯಿಂದ ಉಜ್ಜಿದರೆ ಹೊಳಪು. ಅದೇ ಮುತ್ತುಗದ ಎಲೆ ನಮ್ಮ ಮದುವೆ ಮನೆಗಳಲ್ಲಿ ಪತ್ರಾವಳಿಯಾಗಿ ಹಾಸುತ್ತಿತ್ತು.

ರಾಯಣ್ಣನ ಕಾಲಕ್ಕೆ ಸಂಬಂಧಿಸಿದ ಕಟ್ಟಿಗೆಯ ವಸ್ತುವೊಂದನ್ನು ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ತೋರಿಸುತ್ತಾರೆ. ಗರಡಿಯಲ್ಲಿ ಮೈ ಹುರಿಗೊಳಿಸಲು ಎತ್ತುವ ಮರದ ಸಾಮು ಅದು. ಅವನೇ ಬಳಸಿದ್ದೆಂಬುದು ಊರಿನವರ ಮಾತು. ಅವನ ಲಾವಣಿಯಂತೂ ಬಾಯಿಂದ ಬಾಯಿಗೆ ಉಳಿಯಿತು. ಅದನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದವನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ಗಲ್ಲಿಗೇರಿಸಿದ ಸರಕಾರದ ನೌಕರನೇ ಹಾಡನ್ನು ಕಾಗದಕ್ಕಿಳಿಸಿದ್ದು ವಿನೋದವೇ ಸರಿ.

ಮತ್ತೆ ಆ ಆಲದ ಬಳಿಗೆ. ಹಿಂದೆಲ್ಲ ಹಳ್ಳಿಗಳಲ್ಲಿ ಏನನ್ನಾದರೂ ಕಟ್ಟಲು ಪುಂಡಿ ನಾರಿನ ಹಗ್ಗವಿತ್ತು. ಎರಡು ಮಳೆಗಾಲ ಕಂಡರೆ ಅದು ಲಡ್ಡಾಗಿ ತಾನೇ ಕಳಚಿ ಬೀಳುತ್ತಿತ್ತು. ನೈಲಾನ್ ಹಗ್ಗ ಕೊಳೆಯುವುದಿಲ್ಲ. ಬಿಗಿದು ಕಟ್ಟಿದರೆ, ಬಿಳಲು ದಪ್ಪವಾದಂತೆ ತೊಗಟೆಯೊಳಕ್ಕೆ ಇಳಿಯುತ್ತದೆ. ಹರಕೆಗೆ ಹೋಗುವವರು ಒಂದು ಮಾರು ಪುಂಡಿ ಹಗ್ಗ ಒಯ್ದರೆ ಸಾಕು. ಸಂತೆಯಲ್ಲಿ ಸಿಗದಿದ್ದರೆ ನೂಲಿನ ಹುರಿಯೂ ಆದೀತು.