ತುರಿಕೆಯ ಮದ್ದಿಗೆ ಒರೆಗಲ್ಲು

ಚರ್ಮದ ಬೇನೆಗಳ ಹೆಸರಿಗೆ ಕನ್ನಡದಲ್ಲಿ ಬರವಿಲ್ಲ. ಕಜ್ಜಿ, ತುರಿ, ಹುಳುಕಡ್ಡಿ, ಗಜಕರ್ಣ, ಇಸುಬು - ಒಂದೊಂದು ಸೀಮೆಯಲ್ಲಿ, ಒಂದೊಂದು ಮನೆಯಲ್ಲಿ ಒಂದೊಂದು ಅರ್ಥ. ಇಂಗ್ಲಿಷಿನವರು ಎಕ್ಸಿಮಾ ಎನ್ನುವುದನ್ನು ನಾವು ಸಾಮಾನ್ಯವಾಗಿ ಇಸುಬು ಎನ್ನುತ್ತೇವೆ. ಎಕ್ಸಿಮಾ ಎಂಬುದು ಗ್ರೀಕ್ ಮೂಲದ ಮಾತು. ಕುದಿದು ಉಕ್ಕುವುದು ಎಂದು ಅದರ ಅರ್ಥ. ನಮ್ಮ ಮನೆಗಳ ಹಿರಿಯರೂ ಇದನ್ನೇ ಅಲ್ಲವೆ ಹೇಳುತ್ತಿದ್ದುದು? ಒಳಗಿನ ಉಷ್ಣ ಹೊರಕ್ಕೆ ಬರುತ್ತಿದೆ, ಮದ್ದು ಹಚ್ಚಿ ತಡೆಯಬೇಡ, ತಡೆದರೆ ಒಳಕ್ಕಿಳಿಯುತ್ತದೆ ಎಂದು.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರಲ್ಲಿಯೂ ಬಹುಮಂದಿ ಹೀಗೆಯೇ ನಂಬಿದ್ದರು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎಂಬಾತ ಆ ನಂಬಿಕೆಯನ್ನು ವಾದದಿಂದಲ್ಲ, ಪ್ರಯೋಗದಿಂದ ಎದುರಿಸಿದ. ಆರೋಗ್ಯವಾದ ಚರ್ಮಕ್ಕೆ ಜಾಪಾಳದ ಎಣ್ಣೆಯನ್ನು ತಿಕ್ಕಿದ. ಅಲ್ಲಿ ಇಸುಬಿನಂಥದೇ ಗುಳ್ಳೆ, ಕೆಂಪು, ಸೋರಿಕೆ ಕಾಣಿಸಿಕೊಂಡವು. ಒಳಗಿನ ಕೆಟ್ಟ ರಸವೇ ಹೊರಬರುವುದಾದರೆ, ಹೊರಗಿನಿಂದ ಹಚ್ಚಿದ ಎಣ್ಣೆ ಅದನ್ನು ಹೇಗೆ ಉಂಟುಮಾಡೀತು? ಚರ್ಮದ ಬೇನೆಯನ್ನು ಚರ್ಮದ ಮೇಲೆಯೇ ಪರೀಕ್ಷಿಸಬಹುದು ಎಂಬ ಧೈರ್ಯ ವೈದ್ಯರಿಗೆ ಬಂದುದು ಇಂಥ ಪ್ರಯೋಗಗಳಿಂದ.

ನಾನು ಕನ್ನಡ ಮೇಷ್ಟರು. ವೈದ್ಯಶಾಸ್ತ್ರ ನನ್ನ ಹೊಲವಲ್ಲ. ಈ ಚರಿತ್ರೆಯ ಬೆನ್ನು ಹತ್ತಲು ನನಗೆ ಕಾರಣವಾದುದು ಒಂದು ಪದ: ಗೋವೆಯ ಪುಡಿ. ಹಳೆಯ ಔಷಧ ಗ್ರಂಥಗಳಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಸರು ಗೋವೆಯದು, ವಸ್ತು ಮಾತ್ರ ಗೋವೆಯದಲ್ಲ. ಬ್ರಜಿಲ್ ದೇಶದ ಬಹಿಯಾ ಪ್ರಾಂತದಲ್ಲಿ ಅರರೋಬಾ ಎಂಬ ಒಂದು ಹೆಮ್ಮರವಿದೆ. ಅದರ ಕಾಂಡದ ಸೀಳುಗಳಲ್ಲಿ ಹಳದಿ ಪುಡಿಯೊಂದು ಕೂಡಿಕೊಳ್ಳುತ್ತದೆ. ಪೋರ್ಚುಗೀಸರು ಬ್ರಜಿಲಿಗೂ ಒಡೆಯರು, ಗೋವೆಗೂ ಒಡೆಯರು. ಅವರ ಹಡಗುಗಳಲ್ಲಿ ಪುಡಿ ಗೋವೆಗೆ ಬಂತು, ಅಲ್ಲಿಂದ ಮುಂಬಯಿಗೆ. ಹುಳುಕಡ್ಡಿಗೆ ಒಳ್ಳೆಯ ಮದ್ದೆಂದು ಹೆಸರಾಯಿತು. ಎಲ್ಲಿಂದ ಬಂದುದೆಂಬುದು ಕೊಂಡವರಿಗೆ ತಿಳಿಯದು, ಮಾರಿದವರು ಹೇಳರು. ಬಹಿಯಾದ ವೈದ್ಯ ಸಿಲ್ವಾ ಲಿಮಾ ಎಂಬವರು 1875ರಲ್ಲಿ, ಈ ಪ್ರಸಿದ್ಧ ಗೋವೆಯ ಪುಡಿ ನಮ್ಮೂರಿನ ಅರರೋಬಾವೇ ಎಂದು ಗುರುತು ಹಿಡಿದು ಗುಟ್ಟನ್ನು ಬಿಚ್ಚಿದರು.

ಮರುವರ್ಷ, 1876ರಲ್ಲಿ, ಲಂಡನ್ನಿನ ಬಾಲ್ಮನೊ ಸ್ಕ್ವಯರ್ ಎಂಬ ಚರ್ಮವೈದ್ಯರು ಒಂದು ವಿಚಿತ್ರವನ್ನು ಕಂಡರು. ರೋಗಿಯೊಬ್ಬನಿಗೆ ಇದ್ದುದು ಸೋರಿಯಾಸಿಸ್, ಎಂದರೆ ಚರ್ಮ ಉರಿತದಿಂದ ಕೆಂಪಾಗಿ ಬೆಳ್ಳಿಯ ಹೊಟ್ಟಿನಂತೆ ಸುಲಿಯುವ ರೋಗ. ಅದನ್ನು ಹುಳುಕಡ್ಡಿಯೆಂದು ತಿಳಿದು ಗೋವೆಯ ಪುಡಿಯನ್ನು ಹಚ್ಚಿದ್ದರಿಂದ ರೋಗ ಇಳಿದಿತ್ತು! ರೋಗದ ಹೆಸರು ತಪ್ಪಿತು, ಮದ್ದು ನಾಟಿತು. ಸ್ಕ್ವಯರ್ ಅಲ್ಲಿಗೇ ಬಿಡದೆ, ಬೇಕೆಂದೇ ಅದರ ಲೇಪವನ್ನು ಸೋರಿಯಾಸಿಸ್ ರೋಗಿಗಳಿಗೆ ಹಚ್ಚಿ ನೋಡಿದರು. ಲೇಪ ಬಟ್ಟೆಗೆ ಕಲೆ ಹಿಡಿಸುತ್ತಿತ್ತು, ಸುತ್ತಲಿನ ಚರ್ಮವನ್ನು ಸುಡುತ್ತಿತ್ತು, ಆದರೂ ನಿಂತಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಬ್ರಜಿಲಿನ ಪುಡಿ ಬರುವುದು ನಿಂತಾಗ, 1916ರಲ್ಲಿ ಅಲ್ಲಿಯವರು ಅದಕ್ಕೆ ಬದಲಾಗಿ ಡಿತ್ರನಾಲ್ ಎಂಬ ಕೃತಕ ವಸ್ತುವನ್ನು ಬಳಕೆಗೆ ತಂದರು. ಸೋರಿಯಾಸಿಸ್ಸಿಗೆ ಅದು ಬಹುಕಾಲ ದೊಡ್ಡ ಮದ್ದಾಗಿತ್ತು.

ಆದರೆ ಆಕಸ್ಮಿಕವನ್ನೇ ನಂಬಿ ಎಷ್ಟು ದಿನ ಕೂರುವುದು? ಇಸುಬಿನ ಸ್ವಭಾವವೇ ವೈದ್ಯನಿಗೆ ವೈರಿ. ಅದು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ, ಮತ್ತೆ ಬರುತ್ತದೆ. ಸೀಮೆಸುಣ್ಣದ ಪುಡಿಯಿಂದ ನನ್ನ ಬೆರಳ ಸಂದಿಯಲ್ಲಿ ವರ್ಷವರ್ಷವೂ ಏಳುವ ನವೆ ಬೇಸಗೆ ರಜೆ ಬಂದೊಡನೆ ಮಾಯವಾಗುತ್ತದೆ. ಆ ವಾರ ಯಾರು ಯಾವ ಎಣ್ಣೆಯನ್ನು ಹೇಳಿದ್ದರೋ ಅವರಿಗೆ ಕೀರ್ತಿ!

ಈ ತೊಡಕಿಗೆ ಸರಳವಾದ ಉಪಾಯವೊಂದನ್ನು ಚೆನ್ನಾಗಿ ಬಳಸಿದವರು ನ್ಯೂಯಾರ್ಕಿನ ಮೇರಿಯನ್ ಸುಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟನ್. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಕೀಲುವಾತದ ರೋಗಿಗೆ ಕಾರ್ಟಿಸೋನ್ ಚುಚ್ಚಿ, ಹಾಸಿಗೆ ಹಿಡಿದಿದ್ದವಳನ್ನು ನಡೆದಾಡುವಂತೆ ಮಾಡಿದ್ದರು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಪಾರಿತೋಷಕವೂ ಬಂದಿತ್ತು. ಉರಿತವನ್ನು ಇಷ್ಟು ತಣಿಸುವ ವಸ್ತುವನ್ನು ಚರ್ಮಕ್ಕೆ ಹಚ್ಚಿದರೇನು ಎಂದು ಯಾರಿಗಾದರೂ ತೋಚೀತು. ಹಚ್ಚಿದರು, ಫಲ ಕಾಣಲಿಲ್ಲ. ಕಾರ್ಟಿಸೋನ್ ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಹೈಡ್ರೋಕಾರ್ಟಿಸೋನ್ ಆಗಿ ಮಾರ್ಪಟ್ಟ ಮೇಲೆಯೇ ಕೆಲಸ ಮಾಡುವುದು. ಆ ಹೈಡ್ರೋಕಾರ್ಟಿಸೋನನ್ನೇ, ಆಗ ಅದರ ಹೆಸರು ಕಾಂಪೌಂಡ್ ಎಫ್, ಈ ಇಬ್ಬರು ಲೇಪ ಮಾಡಿ ಪರೀಕ್ಷಿಸಿ 1952ರಲ್ಲಿ ಪ್ರಕಟಿಸಿದರು. ಅವರ ಉಪಾಯವೆಂದರೆ ಎಡ ಬಲ. ಇಸುಬು ಎಷ್ಟೋ ವೇಳೆ ಎರಡು ತೋಳಿಗೂ ಸರಿಸಮನಾಗಿ ಬರುತ್ತದೆ. ಒಂದು ತೋಳಿಗೆ ಮದ್ದಿರುವ ಲೇಪ, ಇನ್ನೊಂದಕ್ಕೆ ಮದ್ದಿಲ್ಲದ ಬರಿಯ ಲೇಪ. ಹವೆ ಒಂದೇ, ಊಟ ಒಂದೇ, ಮನಸ್ಸಿನ ಚಿಂತೆ ಒಂದೇ, ದೇವರ ಹರಕೆಯೂ ಒಂದೇ. ಆದರೂ ಒಂದು ತೋಳು ಮಾತ್ರ ತಿಳಿಯಾದರೆ ಕೀರ್ತಿ ಯಾರದೆಂದು ಕೇಳಬೇಕಾಗಿಲ್ಲ. ಇಷ್ಟು ಚೆಲುವಾದ ತರ್ಕ ನಮ್ಮ ಸಾಹಿತ್ಯ ವಿಮರ್ಶೆಗೂ ದೊರೆತಿದ್ದರೆ ಎಷ್ಟೋ ಜಗಳಗಳು ತೀರುತ್ತಿದ್ದವು.

ಚುಚ್ಚುಮದ್ದಿನಲ್ಲಿ ಈ ಎಡ ಬಲದ ಆಟ ನಡೆಯದು. ಅಲ್ಲಿ ರೋಗಿಗಳನ್ನೇ ಗುಂಪು ಮಾಡಬೇಕು. 2016ರಲ್ಲಿ ಪ್ರಕಟವಾದ ಡುಪಿಲುಮಾಬ್ ಎಂಬ ಮದ್ದಿನ ಒಂದು ಪರೀಕ್ಷೆಯಲ್ಲಿ 671 ಮಂದಿ ಇದ್ದರು. 16 ವಾರಗಳಲ್ಲಿ, ಎರಡು ವಾರಕ್ಕೊಮ್ಮೆ ಮದ್ದು ಪಡೆದವರಲ್ಲಿ 100ಕ್ಕೆ 38 ಮಂದಿಯ ಚರ್ಮ ಪೂರ್ತಿಯಾಗಿ ಇಲ್ಲವೆ ಬಹುಮಟ್ಟಿಗೆ ತಿಳಿಯಾಯಿತು. ಮದ್ದಿಲ್ಲದ ಬರಿಯ ಸೂಜಿ ಚುಚ್ಚಿಸಿಕೊಂಡವರಲ್ಲಿಯೂ 100ಕ್ಕೆ 10 ಮಂದಿಗೆ ಹಾಗೆಯೇ ಆಯಿತು. ಈ ಹತ್ತು ಮಂದಿ ಒಬ್ಬ ನಾಟಿವೈದ್ಯನ ಬಾಗಿಲಿಗೆ ಹೋಗಿದ್ದರೆ ಆತನ ಹೆಸರು ಹತ್ತೂರಿಗೆ ಹಬ್ಬುತ್ತಿತ್ತು.

ಹೈಡ್ರೋಕಾರ್ಟಿಸೋನಿನ ಹಿಂದೆಯೇ ಅದರ ತಮ್ಮಂದಿರು ಸಾಲುಗಟ್ಟಿ ಬಂದರು. ಪ್ರಯೋಗಶಾಲೆಗಳು ಒಂದೊಂದು ಅಣುವನ್ನು ಹೆಚ್ಚುಕಡಿಮೆ ಮಾಡಿ ಹೊಸ ಸ್ಟೀರಾಯ್ಡುಗಳನ್ನು ತಯಾರಿಸತೊಡಗಿದವು. ಎಲ್ಲವನ್ನೂ ರೋಗಿಗಳ ಮೇಲೆ ಪರೀಕ್ಷಿಸುತ್ತ ಕೂತರೆ ಮುಗಿಯುವುದೆಂದು? 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬವರು ಒಂದು ಒಳದಾರಿಯನ್ನು ಪ್ರಕಟಿಸಿದರು. ಸ್ಟೀರಾಯ್ಡು ತಾಕಿದಲ್ಲಿ ಚರ್ಮದ ಕಿರಿಯ ರಕ್ತನಾಳಗಳು ಮುದುರಿಕೊಂಡು ಆ ಜಾಗ ಬಿಳುಚುತ್ತದೆ. ಆರೋಗ್ಯವಂತರ ಮುಂದೋಳಿನ ಮೇಲೆ ಆಲ್ಕೊಹಾಲಿನಲ್ಲಿ ಕರಗಿಸಿದ ಮದ್ದನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ರಾತ್ರಿ ಕಳೆದ ಮೇಲೆ ಎಷ್ಟು ಬಿಳುಚಿದೆಯೆಂದು ನೋಡುವುದು. ಎಷ್ಟು ತೆಳುವಾದ ದ್ರವದಲ್ಲಿಯೂ ಬಿಳುಚುವುದೋ ಆ ಮದ್ದು ಅಷ್ಟು ಬಲಶಾಲಿ. ರೋಗಿಯೇ ಇಲ್ಲದ ರೋಗಪರೀಕ್ಷೆ! ಬೀಟಾಮೆಥಾಸೋನ್ ವ್ಯಾಲರೇಟ್ ಎಂಬ ಮದ್ದು ಈ ಬಗೆಯ ಜರಡಿಯಲ್ಲಿ ಆಯ್ದು ಬಂದುದು.

ಆ ತೋಳುಗಳ ಬಣ್ಣದ ಬಗೆಗೂ ಒಂದು ಮಾತು ಹೇಳಬೇಕು. ಬಿಳಿಯ ಚರ್ಮದ ಮೇಲೆ ಬಿಳುಚನ್ನು ಗುರುತಿಸುವುದು ಸುಲಭ. ನಮ್ಮಂಥ ಕಂದು ಮೈಯ ಮೇಲೆ ಕಷ್ಟ. ಇಸುಬಿನ ಕೆಂಪೂ ಹಾಗೆಯೇ. ಬಿಳಿಯರ ಮೈಯ ಮೇಲೆ ಕೆಂಪಾಗಿ ಕಾಣುವುದು ನಮ್ಮಲ್ಲಿ ಬೂದಿಯಾಗಿಯೋ ನೇರಿಳೆಯಾಗಿಯೋ ಕಾಣುತ್ತದೆ. ಕೆಂಪನ್ನೇ ಅಂಕ ಕೊಟ್ಟು ಅಳೆಯುವ ಪರೀಕ್ಷೆಯಲ್ಲಿ ಕಪ್ಪು ಮೈಯವನ ನೋವಿಗೆ ಅಂಕ ಕಡಿಮೆ ಬೀಳುತ್ತದೆಂದು ಚರ್ಮವೈದ್ಯರೇ ಈಚೆಗೆ ಒಪ್ಪಿ ಹೇಳುತ್ತಿದ್ದಾರೆ.

ಈ ಬಿಳುಚಿನ ಕಥೆಗೆ ನಮ್ಮ ದೇಶದಲ್ಲಿ ಇನ್ನೊಂದು ತಿರುವು ಉಂಟಾಯಿತು. ತೋಳಿನ ಮೇಲೆ ಮದ್ದಿನ ಬಲವನ್ನು ಅಳೆಯುವ ಗುರುತಾಗಿದ್ದ ಬಿಳುಪನ್ನು ಅಂಗಡಿಯಲ್ಲಿ ಮುಖದ ಸೊಬಗಿಗೆಂದು ಕೊಂಡವರಿಗೆ ಲೆಕ್ಕವಿಲ್ಲ. ಇಸುಬಿನ ಮದ್ದು ಮದುವೆಯ ವಯಸ್ಸಿನ ಹುಡುಗಿಯರ ಕನ್ನಡಿಯ ಮುಂದೆ ಬಂದು ಕೂತಿತು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ. ಬಿಟ್ಟರೆ ಉರಿ ಇಮ್ಮಡಿಯಾಗುತ್ತದೆ. 2018ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಲೇಪಗಳನ್ನು, ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಸುಲ್ಜ್‌ಬರ್ಗರ್ ಮತ್ತು ವಿಟನ್ನರ ಎರಡು ತೋಳುಗಳ ಪರೀಕ್ಷೆ ಪ್ರಕಟವಾಗಿ ಆಗಲೇ 66 ವರ್ಷಗಳಾಗಿದ್ದವು.