ಚರ್ಚ್ ಆಫ್ ಫೂಲ್ಸ್

ಚರ್ಚ್ ಆಫ್ ಫೂಲ್ಸ್ (ಅಕ್ಷರಶಃ 'ಮೂರ್ಖರ ಚರ್ಚು') 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಅಂತರಜಾಲದಲ್ಲಿ ಮಾತ್ರ ಅಸ್ತಿತ್ವದಲ್ಲಿದ್ದ ಕ್ರೈಸ್ತ ಆರಾಧನಾ ಸ್ಥಳ. ಮೂರು ಆಯಾಮಗಳ ಚಿತ್ರರೂಪದ ಈ ಚರ್ಚನ್ನು ಪ್ರವೇಶಿಸಿದವರು ತಮ್ಮನ್ನು ಪ್ರತಿನಿಧಿಸುವ ಪುಟ್ಟ ಆಕೃತಿಗಳ ಮೂಲಕ ನಡೆದಾಡಿ, ಪ್ರಾರ್ಥಿಸಿ, ಪರಸ್ಪರ ಸಂಭಾಷಿಸಬಹುದಾಗಿತ್ತು. ಗಣಕಲೋಕ ಇಂಥ ಆಕೃತಿಯನ್ನು 'ಅವತಾರ್' ಎಂದು ಕರೆಯುತ್ತದೆ. ಸಂಸ್ಕೃತದ ಪದವೊಂದು ಹೀಗೆ ಬಳಸುದಾರಿಯಲ್ಲಿ ಕ್ರೈಸ್ತ ಆರಾಧನೆಯೊಳಗೆ ಬಂದಂತಾಯಿತು.

ಸ್ಥಾಪನೆ

ಇದರ ಹಿಂದಿದ್ದದ್ದು 'ಶಿಪ್ ಆಫ್ ಫೂಲ್ಸ್' ಎಂಬ ಕ್ರೈಸ್ತ ವಿಡಂಬನ ಪತ್ರಿಕೆ. 1977ರಲ್ಲಿ ಮುದ್ರಿತ ರೂಪದಲ್ಲಿ ಹುಟ್ಟಿದ ಅದು 1983ರಲ್ಲಿ ನಿಂತುಹೋಗಿ, 1998ರಲ್ಲಿ ಅಂತರಜಾಲದಲ್ಲಿ ಮರುಜೀವ ಪಡೆಯಿತು. ಸಂಪಾದಕ ಸೈಮನ್ ಜೆಂಕಿನ್ಸ್ ಮತ್ತು ಸಂಗಡಿಗರ ಯೋಜನೆಗೆ ಬ್ರಿಟನ್ನಿನ ಮೆಥೊಡಿಸ್ಟ್ ಸಭೆ ಪ್ರಾಯೋಜಕತ್ವ ನೀಡಿತು. 2004ರ ಮೇ 11ರಂದು ಲಂಡನ್ನಿನ ಆಂಗ್ಲಿಕನ್ ಬಿಷಪ್ ರಿಚರ್ಡ್ ಚಾರ್ಟರ್ಸ್ ಅವರ ಪ್ರಸಂಗದೊಂದಿಗೆ ಚರ್ಚು ತೆರೆಯಿತು. ಮೂರು ತಿಂಗಳ ಪ್ರಯೋಗವೆಂದು ಅದನ್ನು ಉದ್ದೇಶಿಸಲಾಗಿತ್ತು.

ಆರಾಧನೆ

ರೋಮನೆಸ್ಕ್ ಶೈಲಿಯ ಕಟ್ಟಡ, ಪೀಠಗಳು, ಬಲಿಪೀಠ, ಪ್ರಸಂಗವೇದಿಕೆ ಎಲ್ಲವೂ ಪರಿಚಿತ ರೂಪದಲ್ಲೇ ಇದ್ದವು. ಕೆಳಗಿನ ನೆಲಮಾಳಿಗೆ ಹರಟೆಯ ಜಾಗ. ಗುಂಡಿ ಒತ್ತಿದರೆ ಆಕೃತಿ ಮಂಡಿಯೂರುತ್ತಿತ್ತು, ಶಿಲುಬೆಯ ಗುರುತು ಹಾಕಿಕೊಳ್ಳುತ್ತಿತ್ತು, ಕೈಗಳನ್ನು ಮೇಲೆತ್ತುತ್ತಿತ್ತು. ಮಾತು ಅಕ್ಷರಗಳಲ್ಲಿ, ತಲೆಯ ಮೇಲಿನ ಗುಳ್ಳೆಗಳಲ್ಲಿ ಮೂಡುತ್ತಿತ್ತು. ಊರಿನ ಚರ್ಚಿನಲ್ಲಿ ಮೌನವಾಗಿ ಪ್ರಸಂಗ ಕೇಳುವ ಸಭಿಕರು ಇಲ್ಲಿ ಬೋಧಕರಷ್ಟೇ ಸುಲಭವಾಗಿ ಮಾತನಾಡಬಲ್ಲವರಾದರು. ಒಮ್ಮೆಗೆ ಒಳಗಿರಬಹುದಾದ ಆಕೃತಿಗಳ ಸಂಖ್ಯೆಗೆ ಮಿತಿಯಿದ್ದುದರಿಂದ ಉಳಿದವರು ಭಾಗವಹಿಸಲಾಗದ 'ಪ್ರೇತ' ರೂಪದಲ್ಲಿ ನೋಡುತ್ತಿರಬೇಕಿತ್ತು. ಒಂದು ಹಂತದಲ್ಲಿ 24 ಗಂಟೆಗಳಲ್ಲಿ 41,000 ಮಂದಿ ಭೇಟಿ ನೀಡಿದ್ದರು.

ಉಪದ್ರವ ಮತ್ತು ಶಿಸ್ತು

ತೆರೆದ ಬಾಗಿಲಿನಿಂದ ಕಿಡಿಗೇಡಿಗಳೂ ಬಂದರು. ಹೆಸರು ಮರೆಸಿಕೊಂಡ ಕೆಲವರು ಪ್ರಸಂಗವೇದಿಕೆಯನ್ನೇರಿ ದೇವದೂಷಣೆ ಮಾಡಿದರು, ಪ್ರಾರ್ಥಿಸುತ್ತಿದ್ದವರ ನಡುವೆ ಅಶ್ಲೀಲ ಮಾತುಗಳನ್ನಾಡಿದರು. ಅವರನ್ನು ಹೊರದಬ್ಬಲು ಮೇಲ್ವಿಚಾರಕರಿಗೆ ಒಂದು ಗುಂಡಿ ಕೊಡಲಾಯಿತು. ಬೈಬಲಿನ ಹಳೆಯ ಒಡಂಬಡಿಕೆಯ ಧಾಟಿಯಲ್ಲಿ ಅದಕ್ಕೆ 'ಸ್ಮೈಟ್', ಅಂದರೆ 'ಪ್ರಹಾರ', ಎಂಬ ಹೆಸರಿತ್ತು. ಹೆಸರಿನಲ್ಲಿ ವಿನೋದವಿದ್ದರೂ ಸಮಸ್ಯೆ ಗಂಭೀರವಾದದ್ದೇ. ಯಾರನ್ನೂ ತಿರಸ್ಕರಿಸದೆ ಬರಮಾಡಿಕೊಳ್ಳಬೇಕಾದ ಚರ್ಚು ಯಾರನ್ನು, ಯಾರ ಅಧಿಕಾರದಿಂದ ಹೊರಹಾಕಬೇಕೆಂಬ ಪ್ರಶ್ನೆಗೆ ಸ್ವಯಂಸೇವಕರು ದಿನವೂ ಉತ್ತರ ಕಂಡುಕೊಳ್ಳಬೇಕಾಯಿತು.

ಸಂಸ್ಕಾರಗಳ ಪ್ರಶ್ನೆ

ಚರ್ಚ್ ಆಫ್ ಫೂಲ್ಸ್‌ನಲ್ಲಿ ಪ್ರಾರ್ಥನೆ, ಪ್ರಸಂಗಗಳಿದ್ದವು; ಪ್ರಭುಭೋಜನ ಇರಲಿಲ್ಲ. ಅಂತರಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ಕ್ಯಾಥೋಲಿಕ್ ಧರ್ಮಸಭೆ 2002ರಲ್ಲೇ ವ್ಯಾಟಿಕನ್ ದಾಖಲೆಯೊಂದರಲ್ಲಿ ಸ್ಪಷ್ಟಪಡಿಸಿತ್ತು. ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ದೇಹ ಬೇಕು, ಒಂದೇ ಸ್ಥಳದಲ್ಲಿ ಕೂಡಿಬರಬೇಕು ಎಂಬುದು ಈ ನಿಲುವಿನ ಆಧಾರ. ಕನ್ನಡ ಬೈಬಲು ಬಳಸುವ 'ಸಭೆ' ಎಂಬ ಪದ ಕಟ್ಟಡವನ್ನಲ್ಲದೆ ಕೂಡಿದ ಜನರನ್ನು ಸೂಚಿಸುವುದು ಇಲ್ಲಿ ಗಮನಾರ್ಹ; ಆದರೆ 'ಕೂಡುವುದು' ಎಂದರೇನು ಎಂಬಲ್ಲೇ ಭಿನ್ನಾಭಿಪ್ರಾಯವಿದೆ. ಕೋವಿಡ್ ಕಾಲದಲ್ಲಿ ಚರ್ಚುಗಳು ಮುಚ್ಚಿದಾಗ ಈ ಚರ್ಚೆ ಎಲ್ಲೆಡೆ ಮರಳಿತು. ಬ್ರಿಟನ್ನಿನ ಮೆಥೊಡಿಸ್ಟ್ ಸಭೆ 2021ರಲ್ಲಿ ಅಂತರಜಾಲದ ಮೂಲಕ ಪ್ರಭುಭೋಜನವನ್ನು ಸೀಮಿತ ಅವಧಿಗೆ, ಪ್ರಾಯೋಗಿಕವಾಗಿ ಅನುಮತಿಸಿತು.

ನಂತರದ ಬೆಳವಣಿಗೆ

2004ರ ಸೆಪ್ಟೆಂಬರ್‌ನಲ್ಲಿ ಸಾಮೂಹಿಕ ಆರಾಧನೆ ನಿಂತರೂ ಪರಿಚಿತರಾಗಿದ್ದ ಸದಸ್ಯರು ಚದುರಲಿಲ್ಲ. 2006ರಲ್ಲಿ ಈ ಸಮುದಾಯ 'ಸೇಂಟ್ ಪಿಕ್ಸೆಲ್ಸ್' ಎಂಬ ಹೆಸರಿನಲ್ಲಿ ಮುಂದುವರಿಯಿತು.